ಗರ್ಭಿಣಿಯರು ಮೊದಲೇ ತಿಳಿಸಿ

ಬೆಂಗಳೂರಿನ ಮಾರೇನಹಳ್ಳಿಯಿಂದ ವಿಜಯನಗರದ ಕಡೆಗೆ ನಡೆದರೆ ದಾರಿಯುದ್ದಕ್ಕೂ ಲ್ಯಾಬು, ಸ್ಕ್ಯಾನಿಂಗ್ ಸೆಂಟರು, ನರ್ಸಿಂಗ್ ಹೋಮು. ಯಾವುದಾದರೊಂದರ ಎಕ್ಸ್‌ರೇ ಕೋಣೆಯ ಎದುರು ಸ್ವಲ್ಪ ಹೊತ್ತು ಕೂತು ನೋಡಿ. ಬಾಗಿಲ ಮೇಲೆ ಮೂರೆಸಳಿನ ವಿಕಿರಣದ ಗುರುತು, ಅದರಡಿ ಒಂದು ಸಾಲು: ‘ಗರ್ಭಿಣಿಯರು ಮೊದಲೇ ತಿಳಿಸಿ’. ಸ್ಕೂಟರಿನಿಂದ ಬಿದ್ದು ಸೊಂಟ ಹಿಡಿದುಕೊಂಡು ಬಂದ ಹುಡುಗಿಯನ್ನು ಟೆಕ್ನಿಷಿಯನ್ ದನಿ ತಗ್ಗಿಸಿ ಕೇಳುತ್ತಾನೆ, ‘ಮೇಡಂ, ಪ್ರೆಗ್ನೆಂಟ್ ಏನಾದ್ರೂ ಇದೀರಾ?’ ಪಕ್ಕದಲ್ಲಿದ್ದ ಅತ್ತೆಯ ಕಿವಿ ನಿಮಿರುತ್ತದೆ. ಹುಡುಗಿ ನಾಚಿ ಇಲ್ಲವೆಂದು ತಲೆಯಾಡಿಸುತ್ತಾಳೆ. ಬಾಗಿಲು ಮುಚ್ಚುತ್ತದೆ.

ಆ ಟೆಕ್ನಿಷಿಯನ್ ಎದೆಯ ಮೇಲೆ ಪುಟ್ಟದೊಂದು ಬ್ಯಾಡ್ಜ್ ಇರುತ್ತದೆ. ಮೂರು ತಿಂಗಳಿಗೊಮ್ಮೆ ಅದನ್ನು ಪರೀಕ್ಷೆಗೆ ಕಳಿಸಿ ಅವನ ಮೈಗೆ ಎಷ್ಟು ವಿಕಿರಣ ತಗುಲಿದೆ ಎಂದು ಲೆಕ್ಕ ಹಾಕುತ್ತಾರೆ. ನಮ್ಮ ದೇಶದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮದಂತೆ ಐದು ವರ್ಷಗಳ ಸರಾಸರಿ ವರ್ಷಕ್ಕೆ 20 ಮಿಲಿಸೀವರ್ಟ್ ಮೀರಬಾರದು, ಯಾವ ಒಂದು ವರ್ಷದಲ್ಲೂ 30 ದಾಟಬಾರದು. ಎದೆಯ ಒಂದು ಎಕ್ಸ್‌ರೇಯಿಂದ ನಮಗೆ ತಗಲುವುದು ಒಂದು ಮಿಲಿಸೀವರ್ಟ್‌ನ ಹತ್ತನೇ ಒಂದು ಭಾಗ ಅಥವಾ ಅದಕ್ಕೂ ಕಡಿಮೆ. ಹಾಗಾಗಿ ಡಾಕ್ಟರು ಬರೆದುಕೊಟ್ಟ ಎಕ್ಸ್‌ರೇಗೆ ಯಾರೂ ಹೆದರಬೇಕಿಲ್ಲ. ಆದರೆ ಹೆದರಬೇಕಿಲ್ಲ ಎಂದು ಇಷ್ಟು ಧೈರ್ಯವಾಗಿ ಹೇಳುವ ಲೆಕ್ಕ ನಮ್ಮ ಕೈಗೆ ಹೇಗೆ ಬಂತು ಎಂಬುದು ಆ ಬೆಂಚಿನ ಮೇಲೆ ಕೂತ ಎಲ್ಲರಿಗೂ ಗೊತ್ತಿರಬೇಕು ಎಂದು ನನಗೆ ಅನ್ನಿಸುತ್ತದೆ.

ವಿಕಿರಣದಿಂದ ಅಪಾಯವಿದೆ ಎಂಬುದು 1945ಕ್ಕಿಂತ ಮುಂಚೆಯೇ ವೈದ್ಯರಿಗೆ ಗೊತ್ತಿತ್ತು. ಎಷ್ಟು ವಿಕಿರಣಕ್ಕೆ ಎಷ್ಟು ಹಾನಿ, ಯಾವ ವಯಸ್ಸಿನವರಿಗೆ ಹೆಚ್ಚು, ಎಷ್ಟು ವರ್ಷ ಕಳೆದ ಮೇಲೆ ಯಾವ ಕ್ಯಾನ್ಸರ್, ಗರ್ಭದ ಯಾವ ವಾರದಲ್ಲಿ ಮಗುವಿನ ಮಿದುಳಿಗೆ ಪೆಟ್ಟು, ಇವನ್ನೆಲ್ಲ ಜಗತ್ತು ಬಹುಮಟ್ಟಿಗೆ ಕಲಿತದ್ದು ಹಿರೋಶಿಮಾ ಮತ್ತು ನಾಗಸಾಕಿಯ ಜನರ ಮೈಯಿಂದ. ಅವರನ್ನು ಯಾರೂ ಒಪ್ಪಿಗೆ ಕೇಳಿರಲಿಲ್ಲ.

1945ರ ಆಗಸ್ಟ್ 6, ಸೋಮವಾರ. ಬೆಳಿಗ್ಗೆ 7.31ಕ್ಕೆ ಅಪಾಯ ಕಳೆಯಿತೆಂದು ಹಿರೋಶಿಮಾದ ಸೈರನ್ ಸಾರಿತ್ತು. ಜನ ಕೆಲಸಕ್ಕೆ ಹೊರಟರು. ವೈಮಾನಿಕ ದಾಳಿಯಾದರೆ ಬೆಂಕಿ ಹರಡದಿರಲೆಂದು ಊರ ನಡುವಿನ ಮನೆಗಳನ್ನು ಕೆಡವಿ ಬಯಲು ಮಾಡುವ ಕೆಲಸ ನಡೆಯುತ್ತಿತ್ತು. ಆ ಕೆಲಸಕ್ಕೆ ಹಚ್ಚಿದ್ದು ಶಾಲೆಯ ಮಕ್ಕಳನ್ನು, ಹೆಚ್ಚಿನವರು ಹನ್ನೆರಡು ಹದಿಮೂರರವರು. ಬಯಲಲ್ಲಿ, ನೆರಳಿಲ್ಲದೆ, ಸಾಲಾಗಿ ನಿಂತು ಹೆಂಚು ಹೊರುತ್ತಿದ್ದ ಆ ಮಕ್ಕಳಲ್ಲಿ 6,000ಕ್ಕೂ ಹೆಚ್ಚು ಮಂದಿ ಸತ್ತರು. 8.15ಕ್ಕೆ ಅಮೆರಿಕದ ಅಣುಬಾಂಬು ಸಿಡಿದದ್ದು ನೆಲದಿಂದ ಸುಮಾರು 600 ಮೀಟರ್ ಎತ್ತರದಲ್ಲಿ, ಶಿಮಾ ಎಂಬ ವೈದ್ಯರ ಆಸ್ಪತ್ರೆಯ ನೇರ ಮೇಲೆ. 1.2 ಕಿಲೋಮೀಟರ್ ಒಳಗಿದ್ದವರಲ್ಲಿ ಅರ್ಧದಷ್ಟು ಜನ ಅದೇ ದಿನ ಸತ್ತರು. ಊರಿನ ವೈದ್ಯರು, ದಾದಿಯರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಸತ್ತಿದ್ದರು ಇಲ್ಲವೇ ಗಾಯಗೊಂಡಿದ್ದರು. ಸುಟ್ಟ ಚರ್ಮದೊಂದಿಗೆ ಆಸ್ಪತ್ರೆಯವರೆಗೆ ನಡೆದು ಬಂದವರನ್ನು ಮುಟ್ಟಿ ನೋಡಲು ಒಳಗೆ ಕೈಗಳೇ ಇರಲಿಲ್ಲ.

ಮೂರು ದಿನದ ಮೇಲೆ, ಆಗಸ್ಟ್ 9ರ ಬೆಳಿಗ್ಗೆ 11.02ಕ್ಕೆ ನಾಗಸಾಕಿ. ಆ ದಿನದ ಗುರಿ ಕೊಕುರಾ ಪಟ್ಟಣವಾಗಿತ್ತು. ಅಲ್ಲಿ ನೆಲ ಕಾಣಲಿಲ್ಲವೆಂದು ವಿಮಾನ ನಾಗಸಾಕಿಗೆ ತಿರುಗಿತು. ಬಾಂಬು ಬಿದ್ದದ್ದು ಉರಕಾಮಿ ಕಣಿವೆಯ ಮೇಲೆ. ತಲೆಮಾರುಗಳ ಕಾಲ ಗುಟ್ಟಾಗಿ ನಂಬಿಕೆ ಉಳಿಸಿಕೊಂಡು ಬಂದಿದ್ದ ಕ್ರೈಸ್ತರ ಕೇರಿ ಅದು.

ಆ ವರ್ಷ ಮುಗಿಯುವ ಹೊತ್ತಿಗೆ ಹಿರೋಶಿಮಾದಲ್ಲಿ ಸುಮಾರು 1,40,000, ನಾಗಸಾಕಿಯಲ್ಲಿ ಸುಮಾರು 74,000 ಜನ ಸತ್ತಿದ್ದರು ಎನ್ನುತ್ತಾರೆ. ಹಿರೋಶಿಮಾದ ಅಂಕಿಯ ಪಕ್ಕದಲ್ಲಿ ಹತ್ತು ಸಾವಿರ ಹೆಚ್ಚುಕಡಿಮೆ ಎಂಬ ಮಾತು ಸದಾ ಇರುತ್ತದೆ. ನನ್ನನ್ನು ತಡೆದು ನಿಲ್ಲಿಸುವುದು ಆ ಹೆಚ್ಚುಕಡಿಮೆಯೇ. ಲೆಕ್ಕ ಕೊಡಬೇಕಾದ ಕುಟುಂಬ ಪೂರ್ತಿಯಾಗಿ ಹೋಗಿತ್ತು, ನೆರೆಮನೆಯೂ ಹೋಗಿತ್ತು, ದಾಖಲೆಯ ಕಚೇರಿಯೂ ಉರಿದಿತ್ತು. ಜಪಾನಿನ ಆಳ್ವಿಕೆಯಲ್ಲಿದ್ದ ಕೊರಿಯಾದಿಂದ ದುಡಿಯಲು ಬಂದಿದ್ದವರು, ಕರೆತರಲಾಗಿದ್ದವರು ಹತ್ತಾರು ಸಾವಿರ. ಅವರ ಹೆಸರನ್ನು ಕೇಳುವವರು ಇನ್ನೂ ಕಡಿಮೆ. ಕೊರಿಯನ್ನರ ನೆನಪಿನ ಕಲ್ಲನ್ನು 1970ರಲ್ಲಿ ನಿಲ್ಲಿಸಿದಾಗ ಹಿರೋಶಿಮಾದ ಶಾಂತಿ ಉದ್ಯಾನದ ಹೊರಗೆ ಜಾಗ ಸಿಕ್ಕಿತ್ತು. ಒಳಗೆ ಬರಲು ಅದು 1999ರವರೆಗೆ ಕಾಯಬೇಕಾಯಿತು.

ಸುಟ್ಟವರು ಮೊದಲು ಸತ್ತರು. ಆಗಸ್ಟ್ ಕೊನೆಯ ಹೊತ್ತಿಗೆ ಮೈಮೇಲೆ ಒಂದು ತರಚೂ ಇಲ್ಲದವರು ಸಾಯತೊಡಗಿದರು. ತಲೆ ಬಾಚಿದರೆ ಕೂದಲು ಗೊಂಚಲಾಗಿ ಬರುತ್ತಿತ್ತು. ವಸಡಿನಿಂದ ರಕ್ತ, ಚರ್ಮದ ಮೇಲೆ ನೇರಳೆ ಚುಕ್ಕೆ, ಇಳಿಯದ ಜ್ವರ. ಮನೆಯವರ ಶವ ಹುಡುಕಲು ಹೊರಗಿನಿಂದ ಊರೊಳಗೆ ಬಂದವರಲ್ಲೂ ಕೆಲವರಿಗೆ ಹಾಗೇ ಆಯಿತು. ಉಳಿದ ಕೆಲವೇ ವೈದ್ಯರು ಮೊದಲು ರಕ್ತಭೇದಿ ಎಂದುಕೊಂಡರು, ಆಮೇಲೆ ರಕ್ತ ಪರೀಕ್ಷಿಸಿ ಬಿಳಿಯ ಕಣಗಳು ಇಲ್ಲವಾಗಿರುವುದನ್ನು ಕಂಡರು.

ನಾಗಸಾಕಿಯ ವೈದ್ಯಕೀಯ ಕಾಲೇಜಿನಲ್ಲಿ ಇದನ್ನು ಬೇಗ ಅರ್ಥ ಮಾಡಿಕೊಂಡವರಲ್ಲಿ ತಕಾಶಿ ನಗಾಯಿ ಒಬ್ಬರು. ಅವರು ಎಕ್ಸ್‌ರೇ ವಿಭಾಗದ ವೈದ್ಯರು. ಯುದ್ಧದ ಕೊರತೆಯಲ್ಲಿ ಫಿಲ್ಮ್ ಸಿಗದೆ, ಕ್ಷಯರೋಗಿಗಳ ಎದೆಯನ್ನು ಕಿರಣದ ಎದುರೇ ನಿಂತು ಪರದೆಯ ಮೇಲೆ ನೋಡಿ ನೋಡಿ, ಬಾಂಬು ಬೀಳುವ ಕೆಲವು ವಾರ ಮೊದಲೇ ಅವರಿಗೆ ರಕ್ತದ ಕ್ಯಾನ್ಸರ್ ಪತ್ತೆಯಾಗಿತ್ತು. ಬಾಂಬಿನಲ್ಲಿ ಹೆಂಡತಿ ಮಿದೊರಿ ಸತ್ತರು. ನಗಾಯಿ ಗಾಯಗೊಂಡ ಮೈಯಲ್ಲೇ ತಮ್ಮ ತಂಡ ಕಟ್ಟಿಕೊಂಡು ಊರಾಚೆಯ ಹಳ್ಳಿಯಲ್ಲಿ ರೋಗಿಗಳನ್ನು ನೋಡಿ, ಕಂಡದ್ದನ್ನು ವರದಿಯಾಗಿ ಬರೆದಿಟ್ಟರು. ಆಮೇಲೆ ಚಿಕ್ಕದೊಂದು ಗುಡಿಸಲಲ್ಲಿ ಮಲಗಿಕೊಂಡೇ ಪುಸ್ತಕಗಳನ್ನು ಬರೆದರು. 1951ರ ಮೇ 1ರಂದು ತೀರಿಕೊಂಡರು. ಎಕ್ಸ್‌ರೇ ಕೋಣೆಯಲ್ಲಿ ದುಡಿಯುವ ನಮ್ಮ ಹುಡುಗರಿಗೆ, ಹುಡುಗಿಯರಿಗೆ ಈ ಒಬ್ಬ ವೈದ್ಯರ ಹೆಸರನ್ನಾದರೂ ಓದಿನ ಕಾಲದಲ್ಲಿ ಹೇಳಿಕೊಡಬೇಕು.

1945ರ ಸೆಪ್ಟೆಂಬರ್‌ನಲ್ಲಿ ಜಪಾನಿನ ಪತ್ರಿಕೆಗಳ ಮೇಲೆ ದೇಶವನ್ನು ಆಕ್ರಮಿಸಿಕೊಂಡಿದ್ದ ಅಮೆರಿಕದ ಆಡಳಿತ ನಿರ್ಬಂಧ ಹೇರಿತು. ಬಾಂಬಿನ ಗಾಯದ ಬಗ್ಗೆ ಬರೆಯುವುದು, ಫೋಟೊ ಅಚ್ಚು ಹಾಕುವುದು ವರ್ಷಗಟ್ಟಲೆ ಕಷ್ಟವಾಯಿತು. ಬದುಕುಳಿದವರನ್ನು ಜಪಾನಿನಲ್ಲಿ ಹಿಬಾಕುಷಾ ಎನ್ನುತ್ತಾರೆ. ಅವರ ಬಾಯಿ ಮುಚ್ಚಿದ್ದ ಅದೇ ಕಾಲದಲ್ಲಿ, 1947ರಲ್ಲಿ, ಅವರ ಮೈಯನ್ನು ಓದಲು ಅಮೆರಿಕದ ಒಂದು ಸಂಸ್ಥೆ ಬಂತು. ಹಿಂದಿನ ವರ್ಷ ಅಧ್ಯಕ್ಷ ಟ್ರೂಮನ್ ಕೊಟ್ಟ ಅಪ್ಪಣೆಯ ಮೇಲೆ ಶುರುವಾದ ಅಣುಬಾಂಬ್ ಹಾನಿ ಆಯೋಗ ಅದು. ಹಿರೋಶಿಮಾದ ಹಿಜಿಯಾಮಾ ಗುಡ್ಡದ ಮೇಲೆ ಅದರ ಕಟ್ಟಡ. ಜೀಪು ಮನೆಯ ಮುಂದೆ ನಿಲ್ಲುತ್ತಿತ್ತು, ಕರೆದೊಯ್ಯುತ್ತಿತ್ತು. ಬಟ್ಟೆ ಬಿಚ್ಚಿಸಿ ನೋಡುತ್ತಿದ್ದರು, ರಕ್ತ ತೆಗೆಯುತ್ತಿದ್ದರು, ಫೋಟೊ ಹಿಡಿಯುತ್ತಿದ್ದರು, ಮನೆಗೆ ಬಿಡುತ್ತಿದ್ದರು. ಚಿಕಿತ್ಸೆ ಕೊಡುವುದು ಆಯೋಗದ ಕೆಲಸವಾಗಿರಲಿಲ್ಲ. ಮೈನೆರೆಯುವ ವಯಸ್ಸಿನಲ್ಲಿ ಅಪರಿಚಿತರ ಮುಂದೆ ಬೆತ್ತಲೆ ನಿಂತ ಹೆಣ್ಣುಮಕ್ಕಳು ಮುದುಕಿಯರಾದ ಮೇಲೂ ಆ ಅವಮಾನದ ಮಾತು ಆಡಿದ್ದಾರೆ. ಇದನ್ನು ವಿಜ್ಞಾನದ ಅಗತ್ಯ ಎಂದು ತಳ್ಳಿಹಾಕಲು ನನ್ನಿಂದ ಆಗುವುದಿಲ್ಲ. ರೋಗಿ ಎದುರಿಗಿದ್ದಾಗ ಔಷಧಿ ಕೊಡದೆ ಬರೆದುಕೊಂಡು ಹೋಗುವುದು ವೈದ್ಯವೃತ್ತಿಯೇ ಅಲ್ಲ. ಆ ಆಯೋಗದ ಉತ್ತರಾಧಿಕಾರಿಯಾಗಿ 1975ರಲ್ಲಿ ಜಪಾನ್ ಮತ್ತು ಅಮೆರಿಕ ಸೇರಿ ಕಟ್ಟಿದ ಸಂಶೋಧನಾ ಪ್ರತಿಷ್ಠಾನದ ಮುಖ್ಯಸ್ಥರು 2017ರಲ್ಲಿ ಈ ಬಗ್ಗೆ ಬಹಿರಂಗವಾಗಿ ವಿಷಾದ ಹೇಳಿದರು. ಅಷ್ಟರಲ್ಲಿ ಎಪ್ಪತ್ತು ವರ್ಷ ಕಳೆದಿತ್ತು.

ಆದರೂ ಆ ಅಧ್ಯಯನ ಎಷ್ಟು ದೊಡ್ಡದು ಎಂಬುದನ್ನು ಹೇಳಲೇಬೇಕು. 1950ರ ಜನಗಣತಿಯನ್ನು ಆಧಾರ ಮಾಡಿಕೊಂಡು ಸುಮಾರು 1,20,000 ಜನರನ್ನು ಪಟ್ಟಿ ಮಾಡಿ, ಪ್ರತಿಯೊಬ್ಬರನ್ನೂ ಸಾಯುವವರೆಗೆ ಹಿಂಬಾಲಿಸುವ ಕೆಲಸ ಇಂದಿಗೂ ನಡೆಯುತ್ತಿದೆ. ಆ ಬೆಳಿಗ್ಗೆ ನೀವು ಎಲ್ಲಿ ನಿಂತಿದ್ದಿರಿ, ಯಾವ ದಿಕ್ಕಿಗೆ ಮುಖ, ನಿಮ್ಮ ಮತ್ತು ಬೆಳಕಿನ ನಡುವೆ ಎಷ್ಟು ಗೋಡೆ, ಅದು ಮಣ್ಣಿನದೋ ಮರದ್ದೋ, ಹೀಗೆ ಒಬ್ಬೊಬ್ಬರನ್ನೂ ಕೇಳಿ ಮನೆಯ ನಕ್ಷೆ ಬರೆದರು. ಜಪಾನಿ ಮನೆಯ ಗೋಡೆ ಎಷ್ಟು ವಿಕಿರಣ ತಡೆಯುತ್ತದೆ ಎಂದು ತಿಳಿಯಲು 1962ರಲ್ಲಿ ಅಮೆರಿಕದ ನೆವಾಡಾ ಮರುಭೂಮಿಯಲ್ಲಿ ಅಂಥದೇ ಮನೆಗಳನ್ನು ಕಟ್ಟಿ, 460 ಮೀಟರಿಗೂ ಎತ್ತರದ ಗೋಪುರದ ಮೇಲೆ ವಿಕಿರಣದ ಮೂಲವಿಟ್ಟು ಅಳೆದರು. ಮೊದಲು ಕಂಡದ್ದು ರಕ್ತದ ಕ್ಯಾನ್ಸರ್. ಬಾಂಬಿನ ಎರಡು ಮೂರು ವರ್ಷಗಳಲ್ಲಿ ಶುರುವಾಗಿ, ಮಕ್ಕಳಲ್ಲಿ ಹೆಚ್ಚಾಗಿ. ನಮ್ಮ ಶಾಲೆಗಳ ಮಕ್ಕಳು ಆಗಸ್ಟ್‌ನಲ್ಲಿ ಕಾಗದದ ಕೊಕ್ಕರೆ ಮಡಚುತ್ತಾರಲ್ಲ, ಆ ಕೊಕ್ಕರೆಯ ಸದಾಕೊ ಸಸಾಕಿ ಬಾಂಬು ಬಿದ್ದಾಗ ಎರಡು ವರ್ಷದ ಕೂಸು, 1.6 ಕಿಲೋಮೀಟರ್ ದೂರದಲ್ಲಿದ್ದಳು. ನಮ್ಮ ಹೊಸಹಳ್ಳಿ ಮೆಟ್ರೊ ನಿಲ್ದಾಣದಿಂದ ಅತ್ತಿಗುಪ್ಪೆಯ ಕಡೆಗೆ ಹೊರಟರೆ ಎರಡನೇ ನಿಲ್ದಾಣ ಮುಟ್ಟುವ ಮೊದಲೇ ಅಷ್ಟು ದೂರ ಮುಗಿಯುತ್ತದೆ. ಒಂದು ಗಾಯವೂ ಇಲ್ಲದೆ ಬೆಳೆದು ಓಟದಲ್ಲಿ ಮುಂದಿದ್ದ ಹುಡುಗಿ 1955ರ ಅಕ್ಟೋಬರ್ 25ರಂದು ಹನ್ನೆರಡನೇ ವಯಸ್ಸಿಗೆ ಅದೇ ರಕ್ತದ ಕ್ಯಾನ್ಸರಿನಿಂದ ಸತ್ತಳು. ಹೊಟ್ಟೆ, ಶ್ವಾಸಕೋಶ, ಸ್ತನ, ಥೈರಾಯ್ಡ್ ಕ್ಯಾನ್ಸರುಗಳು ನಿಧಾನವಾಗಿ, ದಶಕಗಳ ಮೇಲೆ, ಬದುಕಿನ ಕೊನೆಯವರೆಗೂ ಬರುತ್ತಲೇ ಹೋದವು.

ಈಗ ಬಾಗಿಲ ಮೇಲಿನ ಆ ಸಾಲಿಗೆ ಬರುತ್ತೇನೆ.

ಬಾಂಬು ಸಿಡಿದ ಹೊತ್ತಿಗೆ ತಾಯಿಯ ಹೊಟ್ಟೆಯಲ್ಲಿದ್ದ ಸುಮಾರು 1,600 ಮಕ್ಕಳನ್ನು ಸಂಶೋಧಕರು ಹಿಂಬಾಲಿಸಿದರು. ಅವರಲ್ಲಿ 30 ಮಕ್ಕಳ ಬುದ್ಧಿ ತೀವ್ರವಾಗಿ ಕುಂಠಿತವಾಗಿತ್ತು. ಹಲವರ ತಲೆ ವಯಸ್ಸಿಗೆ ತಕ್ಕಂತೆ ಬೆಳೆದಿರಲಿಲ್ಲ. ಗರ್ಭ ನಿಂತ 8ರಿಂದ 15ನೇ ವಾರದೊಳಗಿದ್ದ ಮಕ್ಕಳಿಗೆ ಪೆಟ್ಟು ಅತಿ ಹೆಚ್ಚು, 16ರಿಂದ 25ರವರೆಗೆ ಕಡಿಮೆ. ಮಿದುಳು ಮೂಡುವ ಕಾಲ ಅದು. ಇಂದು ವಿಜಯನಗರದ ಯಾವುದೇ ವೈದ್ಯೆ ಬಸುರಿಗೆ ಹೊಟ್ಟೆಯ ಎಕ್ಸ್‌ರೇ ಬೇಡ, ಅಲ್ಟ್ರಾಸೌಂಡ್ ಸ್ಕ್ಯಾನ್ ಸಾಕು ಎನ್ನುವಾಗ ಆ ಮಕ್ಕಳಿಂದ ಬಂದ ತಿಳಿವೂ ಅವರ ಮಾತಿನ ಹಿಂದಿದೆ.

ಆ ಮಕ್ಕಳ ತಾಯಂದಿರಿಗೆ ಬಹುಕಾಲ ಯಾರೂ ನಿಜ ಹೇಳಲಿಲ್ಲ. ಇದು ವಿಕಿರಣದ ಪರಿಣಾಮ ಎಂಬ ವೈದ್ಯಕೀಯ ಲೇಖನ 1952ರಲ್ಲೇ ಅಚ್ಚಾಗಿತ್ತು. ಅತ್ತ ಮನೆಗಳಲ್ಲಿ ತಾಯಂದಿರು ಯುದ್ಧಕಾಲದ ಅರೆಹೊಟ್ಟೆಯೇ ಕಾರಣವೆಂಬ ಮಾತು ಕೇಳಿಕೊಂಡು, ತಮ್ಮದೇ ತಪ್ಪೇನೋ ಎಂದು ಕೊರಗಿಕೊಂಡು, ಮಗುವನ್ನು ನೆಂಟರ ಕಣ್ಣಿಗೆ ಬೀಳದಂತೆ ಬೆಳೆಸುತ್ತಿದ್ದರು. ಇಪ್ಪತ್ತು ವರ್ಷದ ಮೇಲೆ, 1965ರಲ್ಲಿ, ಹಿರೋಶಿಮಾದ ಕೆಲವು ಬರಹಗಾರರು ಮತ್ತು ಪತ್ರಕರ್ತರ ನೆರವಿನಿಂದ ಈ ಕುಟುಂಬಗಳು ಒಬ್ಬರನ್ನೊಬ್ಬರು ಕಂಡುಕೊಂಡು ಕಿನೊಕೊ ಕಾಯ್ ಎಂಬ ಪುಟ್ಟ ಸಂಘ ಕಟ್ಟಿಕೊಂಡವು. ನಮ್ಮ ಮನೆಯಲ್ಲಿ ಮಾತ್ರ ಹೀಗೆ ಅಂದುಕೊಂಡಿದ್ದ ತಾಯಂದಿರು ಅಂದು ಮೊದಲ ಬಾರಿ ಇನ್ನೊಬ್ಬಾಕೆಯ ಮಗುವನ್ನು ನೋಡಿದರು. ಅವರು ಕೇಳಿದ್ದು ಮುಖ್ಯವಾಗಿ ಇಷ್ಟು: ಇದು ಬಾಂಬಿನಿಂದ ಆದದ್ದೆಂದು ಸರ್ಕಾರ ಒಪ್ಪಬೇಕು, ಮಕ್ಕಳ ಬಾಳಿಗೊಂದು ದಾರಿ ಮಾಡಬೇಕು, ಅಣ್ವಸ್ತ್ರ ಹೋಗಬೇಕು. 1967ರಲ್ಲಿ ಸರ್ಕಾರ ಒಪ್ಪಿತು. ಆದರೆ ತಾಯಂದಿರ ಭಯ ಬೇರೆಯೇ ಇತ್ತು. ನಾನು ಸತ್ತ ಮೇಲೆ ಇವನನ್ನು ಯಾರು ನೋಡಿಕೊಳ್ಳುತ್ತಾರೆ? ಬುದ್ಧಿ ಬೆಳೆಯದ ಮಗುವಿರುವ ನಮ್ಮ ಬೀದಿಯ ಮನೆಗಳಲ್ಲೂ ರಾತ್ರಿ ಇದೇ ಮಾತು ನಡೆಯುತ್ತದೆ. ಆ ತಾಯಂದಿರು ಈಗಿಲ್ಲ. ಮಕ್ಕಳಿಗೇ ಈಗ ಎಂಬತ್ತು. ಒಡಹುಟ್ಟಿದವರು, ಸಂಘದ ಬೆಂಬಲಿಗರು ಅವರನ್ನು ನೋಡಿಕೊಂಡು ಬಂದಿದ್ದಾರೆ.

ಇನ್ನೊಂದು ಹಾನಿಯನ್ನು ಯಾವ ಬ್ಯಾಡ್ಜೂ ಅಳೆಯಲಾರದು. ಹಿಬಾಕುಷಾ ಎಂದು ತಿಳಿದರೆ ಮದುವೆ ಮುರಿಯುತ್ತಿತ್ತು, ಕೆಲಸ ಸಿಗುತ್ತಿರಲಿಲ್ಲ. ಹುಟ್ಟುವ ಮಕ್ಕಳು ವಿಕಾರವಾಗುತ್ತಾರೆ ಎಂಬ ಭಯ ಊರೂರಲ್ಲಿ ಹಬ್ಬಿತ್ತು. ಬಾಂಬಿನ ನಂತರ ಗರ್ಭ ಧರಿಸಿ ಹುಟ್ಟಿದ 70,000ಕ್ಕೂ ಹೆಚ್ಚು ಮಕ್ಕಳನ್ನು ಪರೀಕ್ಷಿಸಿದ ಅಧ್ಯಯನಗಳಲ್ಲಿ ಆನುವಂಶಿಕ ಹಾನಿ ಹೆಚ್ಚಾದ ಸ್ಪಷ್ಟ ಗುರುತು ಕಾಣಲಿಲ್ಲ. ವಿಜ್ಞಾನಕ್ಕೆ ಕಾಣದ ದೋಷಕ್ಕೆ ಹೆಣ್ಣು ನೋಡಲು ಬಂದವರು ಶಿಕ್ಷೆ ಕೊಟ್ಟರು. ಎಷ್ಟೋ ಮಂದಿ ಗಂಡನಿಗೂ ಹೇಳದೆ ಜೀವಮಾನವಿಡೀ ಅದನ್ನು ಬಚ್ಚಿಟ್ಟರು. ಬದುಕುಳಿದವರಿಗೆ ಚಿಕಿತ್ಸೆ ಕೊಡುವ ಕಾನೂನು ಜಪಾನಿನಲ್ಲಿ ಬಂದದ್ದೇ 1957ರಲ್ಲಿ, ಹನ್ನೆರಡು ವರ್ಷಗಳ ಮೇಲೆ. ಬಾಂಬು ಸಿಡಿದ ಮೇಲೆ ಸುರಿದ ವಿಕಿರಣದ ಕಪ್ಪು ಮಳೆಯಲ್ಲಿ ನೆಂದವರಲ್ಲಿ 84 ಮಂದಿಗೆ ನ್ಯಾಯಾಲಯದಿಂದ ಹಿಬಾಕುಷಾ ಎಂಬ ಮಾನ್ಯತೆ ಖಚಿತವಾದದ್ದು 2021ರಲ್ಲಿ.

ಕರ್ನಾಟಕದವರಿಗೆ ಹಿರೋಶಿಮಾ ಪತ್ರಿಕೆಯಲ್ಲಷ್ಟೇ ಓದಿದ ಸುದ್ದಿಯಾಗಿರಲಿಲ್ಲ. 1946ರಲ್ಲಿ ಸೋತ ಜಪಾನಿಗೆ ಹೋದ ಕಾಮನ್‌ವೆಲ್ತ್ ಸೇನೆಯ ನೆಲೆ ಹಿರೋಶಿಮಾದ ನೆರೆಯ ಕುರೆ ಬಂದರು. ಆ ಸೇನೆಯ 268ನೇ ಭಾರತೀಯ ಬ್ರಿಗೇಡಿಗೆ ನಾಯಕ ಮಡಿಕೇರಿಯಲ್ಲಿ ಹುಟ್ಟಿದ ಕೆ.ಎಸ್. ತಿಮ್ಮಯ್ಯ, ಮುಂದೆ ನಮ್ಮ ಭೂಸೇನೆಯ ಮುಖ್ಯಸ್ಥರಾದವರು. ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಲಘು ಪದಾತಿ ದಳದ ಒಂದು ಬೆಟಾಲಿಯನ್ ಅವರ ಕೈಕೆಳಗಿತ್ತು.

ಇನ್ನೊಂದು ಕತೆ ಬೆಂಗಳೂರಿನದೇ. ಮಾರೇನಹಳ್ಳಿಯಿಂದ ಸ್ವಲ್ಪ ದೂರದ ಮಾಗಡಿ ರಸ್ತೆ ಹಿಡಿದು ಊರಾಚೆ ಹೋದರೆ ವಿಶ್ವನೀಡಂ ಸಿಗುತ್ತದೆ. ಸರ್ವೋದಯದವರು ಕಟ್ಟಿದ ಆ ನೆಲೆಯ ಹೆಸರು ಈಗ ಅಂಚೆ ವಿಳಾಸವಾಗಿ ಜನರ ಬಾಯಲ್ಲಿದೆ. ವಿನೋಬಾ ಭಾವೆಯವರ ಹಾದಿ ಹಿಡಿದ ಬಹಳ ಯುವಕರು ಆ ಕಾಲದಲ್ಲಿ ಬೆಂಗಳೂರಿನಲ್ಲಿದ್ದರು. ಅವರಲ್ಲಿ ಇಬ್ಬರು, ರಾಜಸ್ಥಾನದ ಸತೀಶ್ ಕುಮಾರ್, ಕೇರಳದ ಇ.ಪಿ. ಮೆನನ್. 1961ರಲ್ಲಿ ಬೆಂಗಳೂರಿನ ಒಂದು ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದಾಗ ಅಣ್ವಸ್ತ್ರದ ವಿರುದ್ಧ ಬೀದಿಗಿಳಿದ ತತ್ವಜ್ಞಾನಿ ಬರ್ಟ್ರಂಡ್ ರಸೆಲ್ ಜೈಲಿಗೆ ಹೋದ ಸುದ್ದಿ ಓದಿದರು. ಆ ಮನುಷ್ಯನಿಗೆ 89 ವರ್ಷ. ಇಪ್ಪತ್ತರ ಹರೆಯದ ನಾವು ಕಾಫಿ ಕುಡಿಯುತ್ತ ಕೂತಿದ್ದೇವಲ್ಲ ಎಂಬ ಸಂಕಟ ಇಬ್ಬರನ್ನೂ ಎಬ್ಬಿಸಿತು. ಅಣುಬಾಂಬಿದ್ದ ನಾಲ್ಕು ದೇಶಗಳ ರಾಜಧಾನಿಗಳಿಗೆ, ಮಾಸ್ಕೊ, ಪ್ಯಾರಿಸ್, ಲಂಡನ್, ವಾಷಿಂಗ್ಟನ್‌ಗೆ ನಡೆದೇ ಹೋಗುವುದೆಂದು ನಿಶ್ಚಯಿಸಿದರು. ಕೈಯಲ್ಲಿ ಒಂದು ಪೈಸೆಯೂ ಇರಕೂಡದು ಎಂದರು ವಿನೋಬಾ. ದುಡ್ಡಿದ್ದರೆ ಹೋಟೆಲು ಹುಡುಕುತ್ತೀರಿ, ಇಲ್ಲದಿದ್ದರೆ ಯಾರದಾದರೂ ಮನೆಯ ಬಾಗಿಲು ತಟ್ಟುತ್ತೀರಿ ಎಂಬ ಅರ್ಥದ ಬುದ್ಧಿಮಾತು ಅದು. 1962ರ ಜೂನ್ 1ರಂದು ದೆಹಲಿಯ ರಾಜಘಾಟದಿಂದ ಹೊರಟು ಪಾಕಿಸ್ತಾನ, ಅಫ್ಗಾನಿಸ್ತಾನ, ಇರಾನ್ ದಾಟಿ ನಡೆದರು. ಸೋವಿಯತ್ ನಾಡಿನ ಒಂದು ಟೀ ಕಾರ್ಖಾನೆಯ ಹೆಣ್ಣುಮಗಳು ನಾಲ್ಕು ಪೊಟ್ಟಣ ಟೀ ಕೊಟ್ಟು, ಒಬ್ಬೊಬ್ಬ ನಾಯಕರಿಗೆ ಒಂದೊಂದು ತಲುಪಿಸಿ, ಗುಂಡಿ ಒತ್ತಬೇಕೆನಿಸಿದಾಗ ಮೊದಲು ಇದನ್ನು ಕುಡಿಯಲು ಹೇಳಿ ಎಂದಳು. ಪ್ಯಾರಿಸ್ಸಿನಲ್ಲಿ ಜೈಲು ಕಂಡರು. ಬ್ರಿಟನ್ನಿನಲ್ಲಿ ರಸೆಲ್‌ರನ್ನೇ ಕಂಡರು. ಹಡಗಿನಲ್ಲಿ ಅಮೆರಿಕಕ್ಕೆ ಹೋಗಿ 1964ರ ಆರಂಭದಲ್ಲಿ ವಾಷಿಂಗ್ಟನ್ ತಲುಪುವ ಹೊತ್ತಿಗೆ ಅಧ್ಯಕ್ಷ ಕೆನಡಿ ಕೊಲೆಯಾಗಿದ್ದರು. ನಡಿಗೆ ಅವರ ಸಮಾಧಿಯ ಬಳಿ ಮುಗಿಯಿತು.

ಹತ್ತು ವರ್ಷದ ಮೇಲೆ, 1974ರ ಮೇ 18ರಂದು, ಪೋಖ್ರಾನಿನಲ್ಲಿ ನಮ್ಮದೇ ಅಣುಸ್ಫೋಟವಾಯಿತು. ಅದರ ಮುಂಚೂಣಿಯಲ್ಲಿದ್ದ ರಾಜಾ ರಾಮಣ್ಣ ತುಮಕೂರು ಜಿಲ್ಲೆಯವರು, ದೊಡ್ಡ ವಿಜ್ಞಾನಿ, ಪಿಯಾನೊ ನುಡಿಸುತ್ತಿದ್ದ ರಸಿಕರು. ಅವರ ವಿದ್ವತ್ತಿಗೆ ತಲೆಬಾಗುತ್ತಲೇ, 1998ರಲ್ಲಿ ಎರಡನೇ ಬಾರಿ ಪೋಖ್ರಾನಾದಾಗ ಬೀದಿಗಳಲ್ಲಿ ಸಿಹಿ ಹಂಚಿ ಪಟಾಕಿ ಹೊಡೆದದ್ದನ್ನು ನಾನು ಒಪ್ಪಲಾರೆ. ದೇಶಕ್ಕೆ ರಕ್ಷಣೆ ಬೇಕು ಎನ್ನುವವರ ವಾದವನ್ನು ಕೇಳುತ್ತೇನೆ. ಆದರೆ ಬಾಂಬು ಮನುಷ್ಯರ ಮೈಗೆ ಮಾಡಿದ್ದನ್ನು ಬಲ್ಲವರು ಅದಕ್ಕೆ ಸಿಹಿ ಹಂಚುವುದಿಲ್ಲ.

2024ರ ನೊಬೆಲ್ ಶಾಂತಿ ಪುರಸ್ಕಾರ ಬಂದದ್ದು ನಿಹೊನ್ ಹಿದಾಂಕ್ಯೊಗೆ, 1956ರಲ್ಲಿ ನಾಗಸಾಕಿಯಲ್ಲಿ ಹುಟ್ಟಿದ ಹಿಬಾಕುಷಾಗಳ ಒಕ್ಕೂಟಕ್ಕೆ. ಡಿಸೆಂಬರ್ 10ರಂದು ಓಸ್ಲೊದಲ್ಲಿ ಮಾತಾಡಿದವರು 92 ವರ್ಷದ ತೆರುಮಿ ತನಾಕಾ. ಬಾಂಬು ಬಿದ್ದಾಗ ಅವರಿಗೆ 13, ಬಂಧುಗಳಲ್ಲಿ ಐವರನ್ನು ಕಳೆದುಕೊಂಡಿದ್ದರು. ಬದುಕುಳಿದವರಿಗೆ ಏನೋ ನೆರವು ಸಿಕ್ಕಿದೆ, ಸತ್ತವರಿಗಾಗಿ ಜಪಾನ್ ಸರ್ಕಾರ ಯಾವ ಪರಿಹಾರವನ್ನೂ ಕೊಟ್ಟಿಲ್ಲ ಎಂದು ಅಂದು ಹೇಳಿ, ಬರೆದುಕೊಂಡು ಬಂದ ಭಾಷಣದಿಂದ ಆಚೆ ಸರಿದು ಅದೇ ಮಾತನ್ನು ಇನ್ನೊಮ್ಮೆ ಹೇಳಿದರು.

2025ರ ಮಾರ್ಚ್ ಕೊನೆಗೆ ಜಪಾನಿನ ಸರ್ಕಾರಿ ಪಟ್ಟಿಯಲ್ಲಿ ಉಳಿದಿದ್ದ ಹಿಬಾಕುಷಾಗಳು 99,130. ಆ ಸಂಖ್ಯೆ ಒಂದು ಲಕ್ಷಕ್ಕಿಂತ ಕೆಳಗಿಳಿದದ್ದು ಅದೇ ಮೊದಲು. ಸರಾಸರಿ ವಯಸ್ಸು 86. ಆ ವರ್ಷದ ಆಗಸ್ಟ್ 6ರಂದು ಹಿರೋಶಿಮಾದ ಸ್ಮಾರಕದೊಳಗಿನ ಪಟ್ಟಿಗೆ ಹಿಂದಿನ ಒಂದು ವರ್ಷದಲ್ಲಿ ತೀರಿಕೊಂಡ ಅಥವಾ ಸಾವು ದೃಢಪಟ್ಟ 4,940 ಹೆಸರು ಸೇರಿ ಒಟ್ಟು 3,49,246 ಆಯಿತು. ಪ್ರತಿ ವರ್ಷ ಆ ದಿನ ಪ್ರಧಾನಿ ಬಂದಾಗ ಹಿಬಾಕುಷಾಗಳು ಅವರೆದುರು ಕೂತು, ಅಣ್ವಸ್ತ್ರಗಳನ್ನು ನಿಷೇಧಿಸುವ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಸಹಿ ಹಾಕಿ ಎಂದು ಕೇಳುತ್ತಾರೆ. 2017ರಲ್ಲಿ ರೂಪುಗೊಂಡು 2021ರ ಜನವರಿ 22ರಿಂದ ಜಾರಿಯಲ್ಲಿರುವ ಒಪ್ಪಂದ ಅದು. ಜಪಾನ್ ಸಹಿ ಹಾಕಿಲ್ಲ. ಭಾರತವೂ ಹಾಕಿಲ್ಲ. ಅಧಿವೇಶನ ನಡೆಯುತ್ತಿದ್ದರೆ ನಮ್ಮ ಸಂಸತ್ತು ಆಗಸ್ಟ್‌ನಲ್ಲಿ ಹಿರೋಶಿಮಾದ ಸತ್ತವರಿಗಾಗಿ ಎದ್ದು ನಿಂತು ಮೌನ ಆಚರಿಸುತ್ತದೆ. ಮೌನ ಮುಗಿದ ಮೇಲೆ ಈ ಸಹಿಯ ಮಾತನ್ನು ಎತ್ತಿ ಎಂದು ಮಾರೇನಹಳ್ಳಿಯವರು ತಮ್ಮ ಸಂಸದರಿಗೆ ಒಂದು ಕಾಗದ ಬರೆಯಬಹುದು. ನಾನು ಬರೆಯುತ್ತಿದ್ದೇನೆ.